ನಗರದ ನೀರನ್ನು ನಾವೇ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆರೆ, ಹೊಳೆ, ಮಳೆನೀರು ಕಾಲುವೆ, ನಲ್ಲಿ. ನಗರದಲ್ಲಿ ನೀರು ಕಾಣುವ ಈ ಎಲ್ಲ ಕಡೆಯೂ ಅದರ ಗುಣಮಟ್ಟವನ್ನು ನಿವಾಸಿಗಳೇ ಅಳೆಯಲು ಹೊರಟಾಗ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಹೊಸದಾಗಿ ತಂಡ ಕಟ್ಟುವವರು, ಈಗಾಗಲೇ ಅಳೆಯುತ್ತಿರುವವರು, ಆ ಅಂಕಿಗಳನ್ನು ಪಡೆಯಬೇಕಾದ ನಗರಾಡಳಿತದ ಎಂಜಿನಿಯರುಗಳು, ಈ ಮೂವರಿಗೂ ಉಪಯೋಗವಾಗಲೆಂದು ಬರೆದದ್ದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನೀರು ಪರೀಕ್ಷಿಸುವ ಕಿಟ್ ಕೊಳ್ಳುವ ಮುಂಚೆಯೇ, ಬರುವ ಅಂಕಿ ಯಾರ ಮೇಜಿಗೆ ಹೋಗುತ್ತದೆ, ಅವರು ಅದನ್ನು ನೋಡಿ ಏನು ಮಾಡಬೇಕು ಎನ್ನುವುದು ಗೊತ್ತಿರಬೇಕು. ಕೆಳಗಿನ ಬಹಳಷ್ಟು ಉತ್ತರಗಳು ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ನಾಗರಿಕ ವಿಜ್ಞಾನ ಅಂದರೆ ಏನು? ವಿಜ್ಞಾನಿಗಳಿಗೆ ಸಹಾಯ ಮಾಡುವುದೇ?

ಅದೂ ಹೌದು, ಅಷ್ಟೇ ಅಲ್ಲ. ಸಾಮಾನ್ಯ ಜನರೂ ಪಾಲ್ಗೊಂಡು ಅಳೆಯುವ, ದಾಖಲಿಸುವ ವಿಜ್ಞಾನ ಇದು. ಒಂದು ತುದಿಯಲ್ಲಿ, ವಿಜ್ಞಾನಿಗಳು ಯೋಜನೆ ಹಾಕಿಕೊಟ್ಟು ಜನರು ಮಾದರಿ ತಂದುಕೊಡುವ ವ್ಯವಸ್ಥೆ ಇದೆ. ಇನ್ನೊಂದು ತುದಿಯಲ್ಲಿ, ಬಡಾವಣೆಯವರೇ ಪ್ರಶ್ನೆ ಎತ್ತಿ, ತಾವೇ ಅಳೆದು, ತಜ್ಞರನ್ನು ಸಲಹೆಗೆ ಮಾತ್ರ ಕರೆಯುತ್ತಾರೆ. ನಗರದ ನೀರಿನ ವಿಷಯದಲ್ಲಿ ಎರಡನೆಯದಕ್ಕೆ ಹೆಚ್ಚು ಕಸುವು ಎಂದು ನನ್ನ ಅನಿಸಿಕೆ, ಏಕೆಂದರೆ ಯಾವ ಮೋರಿ ಯಾವ ಹೊತ್ತಿಗೆ ನಾರುತ್ತದೆ ಎನ್ನುವುದು ಅಲ್ಲಿ ವಾಸಿಸುವವರಿಗೆ ಮೊದಲೇ ಗೊತ್ತಿರುತ್ತದೆ. ಇದು ಇತ್ತೀಚಿನ ಹವ್ಯಾಸವೂ ಅಲ್ಲ. ಅಮೆರಿಕದ ಐಜಾಕ್ ವಾಲ್ಟನ್ ಲೀಗ್ ಎಂಬ ಪರಿಸರ ಸಂಘಟನೆ 'ಸೇವ್ ಅವರ್ ಸ್ಟ್ರೀಮ್ಸ್' ಎಂಬ ಹೆಸರಿನಲ್ಲಿ ಹೊಳೆ ಕಾಯುವ ಕೆಲಸಕ್ಕೆ ಸ್ವಯಂಸೇವಕರನ್ನು ಹಚ್ಚಿದ್ದು 1969ರಲ್ಲಿ.

ಸರ್ಕಾರಿ ಪ್ರಯೋಗಾಲಯಗಳು ಇರುವಾಗ ನಾವು ಏಕೆ ಅಳೆಯಬೇಕು?

ಪ್ರಯೋಗಾಲಯದ ಅಳತೆ ನಿಖರ, ಆದರೆ ವಿರಳ. ಗೊತ್ತಾದ ಕೆಲವೇ ಜಾಗಗಳಿಂದ, ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ, ಕಚೇರಿ ವೇಳೆಯಲ್ಲಿ ತೆಗೆದ ಮಾದರಿ ಅದು. ನಗರದ ನೀರು ಅಷ್ಟು ಹೊತ್ತು ಒಂದೇ ಸ್ಥಿತಿಯಲ್ಲಿ ನಿಲ್ಲುವುದಿಲ್ಲ.

ಪಾಚಿ ತುಂಬಿದ ಕೆರೆಯನ್ನೇ ನೋಡಿ. ಬಿಸಿಲಿರುವಾಗ ಪಾಚಿ ದ್ಯುತಿಸಂಶ್ಲೇಷಣೆ ನಡೆಸಿ ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ನೀರಿನಲ್ಲಿ ಕರಗಿದ ಆಮ್ಲಜನಕ ಸಹಜ ಮಿತಿಗಿಂತಲೂ ಮೇಲೆ ಹೋಗಿರಬಹುದು. ರಾತ್ರಿ ಅದೇ ಪಾಚಿ, ಜೊತೆಗೆ ಕೆಸರಿನ ಬ್ಯಾಕ್ಟೀರಿಯಾ, ಎಲ್ಲವೂ ಉಸಿರಾಡುತ್ತವೆ. ನಸುಕಿನ ಹೊತ್ತಿಗೆ ಮೀನು ಬಾಯಿ ಮೇಲೆತ್ತಿ ಒದ್ದಾಡುವ ಮಟ್ಟಕ್ಕೆ ಆಮ್ಲಜನಕ ಇಳಿದಿರುತ್ತದೆ. ಮಧ್ಯಾಹ್ನದ ಮಾದರಿ ನೋಡಿದ ಅಧಿಕಾರಿ 'ಕೆರೆ ಚೆನ್ನಾಗಿದೆ' ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ, ಅವರ ಗಡಿಯಾರ ಬೇರೆ.

ಮಳೆಯದೂ ಹೀಗೇ. ಒಣಗಿದ ದಿನಗಳ ನಂತರ ಬೀಳುವ ಮಳೆಯ ಮೊದಲ ಹರಿವು ರಸ್ತೆಯ ಎಣ್ಣೆ, ಟೈರಿನ ಪುಡಿ, ನಾಯಿ ಹೇಲು, ಕಸ ಎಲ್ಲವನ್ನೂ ತೊಳೆದುಕೊಂಡು ಕಾಲುವೆಗೆ ಇಳಿಯುತ್ತದೆ. ಆ ಮೊದಲ ಅರ್ಧ ಗಂಟೆಯಲ್ಲಿ ಬಾಟಲಿ ಹಿಡಿದು ನಿಲ್ಲಲು ಕಾಲುವೆ ಪಕ್ಕದ ಮನೆಯವರಿಗೆ ಮಾತ್ರ ಸಾಧ್ಯ.

ಜನ ಅಳೆದದ್ದರಿಂದ ಏನಾದರೂ ಬದಲಾದ ಉದಾಹರಣೆ ಇದೆಯೇ?

ಇದೆ. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರ 2014ರ ಏಪ್ರಿಲ್‌ನಲ್ಲಿ ತನ್ನ ಕುಡಿಯುವ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಾಯಿಸಿತು. ಕೊಳವೆಗಳು ಸವೆಯದಂತೆ ಬೆರೆಸಬೇಕಾದ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಕೊಳವೆಗಳ ಸೀಸ ನೀರಿಗೆ ಇಳಿಯತೊಡಗಿತು. ನೀರಿನ ಬಣ್ಣ, ವಾಸನೆ, ಮೈ ತುರಿಕೆಯ ಬಗ್ಗೆ ಜನ ದೂರಿದರೂ ನೀರು ಸುರಕ್ಷಿತ ಎಂಬ ಉತ್ತರವೇ ಸಿಗುತ್ತಿತ್ತು. 2015ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ತಂಡ ಸುಮಾರು 300 ಮಾದರಿ ಕಿಟ್‌ಗಳನ್ನು ಕಳಿಸಿತು. ನಿವಾಸಿಗಳೇ ಮನೆಮನೆಗೆ ಹಂಚಿ, ಕ್ರಮ ಹೇಳಿಕೊಟ್ಟು, 250ಕ್ಕೂ ಹೆಚ್ಚನ್ನು ತುಂಬಿಸಿ ಮರಳಿಸಿದರು. ಸೀಸದ ಪ್ರಮಾಣ ದಾಟಿದರೆ ಕ್ರಮ ಕೈಗೊಳ್ಳಲೇಬೇಕು ಎಂದು ಅಲ್ಲಿನ ಆಗಿನ ಕಾನೂನು ಹೇಳುತ್ತಿದ್ದ ಮಿತಿಯಾದ ಲೀಟರಿಗೆ 15 ಮೈಕ್ರೋಗ್ರಾಂ ದಾಟಿದ್ದು ಹೀಗೆ ಬಯಲಾಯಿತು. ಮಕ್ಕಳ ರಕ್ತದಲ್ಲಿ ಸೀಸ ಏರಿರುವುದನ್ನು ಸ್ಥಳೀಯ ವೈದ್ಯರೂ ತೋರಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಗರ ಹಳೆಯ ಮೂಲಕ್ಕೆ ಮರಳಿತು.

ಇಲ್ಲಿ ಗಮನಿಸಬೇಕಾದದ್ದು ಕೆಲಸದ ಹಂಚಿಕೆ. ಸೀಸವನ್ನು ಅಳೆದದ್ದು ವಿಶ್ವವಿದ್ಯಾಲಯದ ಯಂತ್ರ. ನೂರಾರು ಅಡುಗೆಮನೆಗಳ ನಲ್ಲಿಯಿಂದ ಒಂದೇ ಕ್ರಮದಲ್ಲಿ ನೀರು ಹಿಡಿದದ್ದು ಜನ. ಎರಡರಲ್ಲಿ ಒಂದಿಲ್ಲದಿದ್ದರೂ ಆ ಪಟ್ಟಿ ತಯಾರಾಗುತ್ತಿರಲಿಲ್ಲ.

ಇಂಗ್ಲೆಂಡಿನ ಇಲ್ಕ್ಲಿ ಊರಿನದು ಇನ್ನೊಂದು ಬಗೆ. ಅಲ್ಲಿನ ನಿವಾಸಿಗಳು ವಾರ್ಫ್ ನದಿಗೆ ಕೊಳಚೆ ಸೇರುವುದನ್ನು ಮಾದರಿಗಳ ಮೂಲಕ ದಾಖಲಿಸಿ, ಜನ ಈಜುವ ಆ ಭಾಗವನ್ನು ಅಧಿಕೃತ ಸ್ನಾನತಾಣವೆಂದು ಘೋಷಿಸಲು ಪಟ್ಟು ಹಿಡಿದರು. 2020ರ ಡಿಸೆಂಬರ್‌ನಲ್ಲಿ ಘೋಷಣೆ ಬಂತು. ಆ ಮಾನ್ಯತೆ ಪಡೆದ ಇಂಗ್ಲೆಂಡಿನ ಮೊದಲ ನದಿಭಾಗ ಅದು. ಮರುವರ್ಷದ ಅಧಿಕೃತ ಪರೀಕ್ಷೆಯಲ್ಲಿ ನೀರಿಗೆ ಸಿಕ್ಕ ದರ್ಜೆ 'ಕಳಪೆ'. ಸೋತಂತೆ ಕಂಡರೂ ಲಾಭ ಇದ್ದದ್ದು ಅಲ್ಲೇ: ಸ್ನಾನತಾಣ ಎಂದ ಮೇಲೆ ನಿಯಮಿತವಾಗಿ ಅಳೆಯುವುದು ಸರ್ಕಾರದ ಕರ್ತವ್ಯವಾಯಿತು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ಒಂದು ವಾಕ್ಯದ ಪ್ರಶ್ನೆಯಿಂದ. 'ನಮ್ಮ ಕೆರೆ ಹೇಗಿದೆ ನೋಡೋಣ' ಎನ್ನುವುದು ಪ್ರಶ್ನೆಯಲ್ಲ, ಆಸೆ. 'ಸೇತುವೆಯ ಕೆಳಗಿನ ಮಳೆನೀರು ಕೊಳವೆಯಲ್ಲಿ ಮಳೆಯಿಲ್ಲದ ದಿನವೂ ಹರಿಯುವುದು ಒಳಚರಂಡಿ ನೀರೇ?' ಎನ್ನುವುದು ಪ್ರಶ್ನೆ. ಇದಕ್ಕೆ ಏನು ಅಳೆಯಬೇಕು, ಎಲ್ಲಿ, ಎಷ್ಟು ಸಲ, ಉತ್ತರ 'ಹೌದು' ಎಂದಾದರೆ ಯಾರಿಗೆ ತಿಳಿಸಬೇಕು ಎಲ್ಲವೂ ತಾನಾಗಿ ತಿಳಿಯುತ್ತದೆ. ಮಳೆನೀರಿಗೆಂದೇ ಇಟ್ಟ ಕೊಳವೆ ಒಣ ದಿನದಲ್ಲಿ ಹರಿಯುತ್ತಿದ್ದರೆ ಅನುಮಾನ ಪಡಲೇಬೇಕು. ಅದಕ್ಕೆ ಕಿಟ್ ಕೂಡ ಬೇಡ, ಕಣ್ಣು ಸಾಕು.

ಏನೇನು ಅಳೆಯಬಹುದು? ಯಾವ ಅಂಕಿಗೆ ಏನು ಅರ್ಥ?

ಕೆರೆ, ಹೊಳೆಗಳಿಗೆ ಸಾಮಾನ್ಯವಾಗಿ ಇವಿಷ್ಟು ಸಾಕು: ಉಷ್ಣತೆ, ಪಿಎಚ್ (ಆಮ್ಲ-ಕ್ಷಾರದ ಮಟ್ಟ), ವಿದ್ಯುತ್ ವಾಹಕತೆ, ಬಗ್ಗಡ, ಕರಗಿದ ಆಮ್ಲಜನಕ, ನೈಟ್ರೇಟ್, ಫಾಸ್ಫೇಟ್. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನೀರಿನ ಗುಣಮಟ್ಟಕ್ಕೆ ಸಂಬಂಧಿಸಿದ 6.3.2ನೇ ಸೂಚ್ಯಂಕವೂ ಆಮ್ಲಜನಕ, ಲವಣಾಂಶ, ಸಾರಜನಕ, ರಂಜಕ, ಆಮ್ಲೀಯತೆ ಎಂಬ ಐದನ್ನೇ ಆಧಾರವಾಗಿ ಇಟ್ಟುಕೊಂಡಿದೆ.

ಇವುಗಳಲ್ಲಿ ಹೆಚ್ಚು ಮಾತಾಡುವುದು ಆಮ್ಲಜನಕ. ತಣ್ಣನೆಯ ನೀರು ಹೆಚ್ಚು ಆಮ್ಲಜನಕ ಹಿಡಿದಿಡುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ನೀರಿಗೆ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಮಿತಿ, 30 ಡಿಗ್ರಿಗೆ 7.6. ಆದ್ದರಿಂದ ಉಷ್ಣತೆ ಬರೆಯದ ಆಮ್ಲಜನಕದ ಅಂಕಿಗೆ ಅರ್ಧ ಬೆಲೆ. ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಅನೇಕ ಮೀನುಗಳಿಗೆ ಕಷ್ಟ ಶುರುವಾಗುತ್ತದೆ.

ವಾಹಕತೆ ಎಂದರೆ ನೀರಿನಲ್ಲಿ ಕರಗಿದ ಲವಣಗಳ ಸುಳಿವು. ಕೊಳಚೆ, ಕಾರ್ಖಾನೆ ನೀರು, ಗಡಸು ಅಂತರ್ಜಲ ಯಾವುದು ಸೇರಿದರೂ ಏರುತ್ತದೆ, ಮಳೆನೀರು ಸೇರಿದರೆ ಇಳಿಯುತ್ತದೆ. ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. ಕಾಲುವೆಯ ಉದ್ದಕ್ಕೂ ನಡೆದು ಅಳೆಯುತ್ತಾ ಹೋದಾಗ ಎಲ್ಲಿ ಥಟ್ಟನೆ ಏರಿತು ಎನ್ನುವುದೇ ಮುಖ್ಯ. ನೈಟ್ರೇಟ್, ಫಾಸ್ಫೇಟ್ ಪಾಚಿಗೆ ಗೊಬ್ಬರ. ಪಿಎಚ್ ಪಾಚಿಯಿರುವ ಕೆರೆಯಲ್ಲಿ ಮಧ್ಯಾಹ್ನ 9 ದಾಟಿದರೂ ಗಾಬರಿ ಬೇಡ, ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿದ ಪರಿಣಾಮ ಅದು.

ಟಿಡಿಎಸ್ ಮೀಟರ್ ಒಂದಿದ್ದರೆ ಸಾಕಲ್ಲವೇ?

ಸಾಲದು. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿದ ಒಟ್ಟು ಘನವಸ್ತು. ಪೆನ್ನಿನಂಥ ಆ ಮೀಟರ್ ವಾಸ್ತವವಾಗಿ ಅಳೆಯುವುದು ವಿದ್ಯುತ್ ವಾಹಕತೆಯನ್ನು, ಅದನ್ನು 0.5ರಿಂದ 0.7ರ ನಡುವಿನ ಯಾವುದೋ ಒಂದು ಗುಣಕದಿಂದ ಗುಣಿಸಿ ಟಿಡಿಎಸ್ ಎಂದು ತೋರಿಸುತ್ತದೆ. ಎರಡು ಕಂಪನಿಗಳ ಪೆನ್ನುಗಳು ಒಂದೇ ಲೋಟದ ನೀರಿಗೆ ಬೇರೆ ಬೇರೆ ಅಂಕಿ ಕೊಡುವುದು ಹೆಚ್ಚಾಗಿ ಈ ಕಾರಣಕ್ಕೇ. ಬ್ಯಾಕ್ಟೀರಿಯಾ, ಕೀಟನಾಶಕ, ಅಪಾಯದ ಮಟ್ಟದ ಸೀಸ ಇವು ಯಾವುವೂ ಅದಕ್ಕೆ ಕಾಣುವುದಿಲ್ಲ. ಕಡಿಮೆ ಟಿಡಿಎಸ್ ತೋರಿಸಿ 'ಶುದ್ಧ ನೀರು' ಎಂದು ಮಾರುವವರನ್ನು ನಂಬಬೇಡಿ. ಮೀಟರಿನಲ್ಲಿ ವಾಹಕತೆ ತೋರಿಸುವ ಆಯ್ಕೆ ಇದ್ದರೆ ಅದನ್ನೇ ಬಳಸಿ, ಅದನ್ನೇ ಬರೆಯಿರಿ.

ಕೊಳಚೆ ಎಲ್ಲಿ ಸೇರುತ್ತಿದೆ ಎಂದು ಪತ್ತೆ ಹಚ್ಚುವುದು ಹೇಗೆ?

ನಗರದಲ್ಲಿ ಸ್ವಯಂಸೇವಕರು ಮಾಡಬಹುದಾದ ಕೆಲಸಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಒಂದೇ ಪರೀಕ್ಷೆಯನ್ನು ನೆಚ್ಚದೆ ಮೂರು ನಾಲ್ಕು ಸುಳಿವು ಜೋಡಿಸಬೇಕು. ಅಮೋನಿಯಾ ಏರಿದ್ದರೆ ತಾಜಾ ಕೊಳಚೆಯ ಲಕ್ಷಣ, ಏಕೆಂದರೆ ಕಾಲ ಕಳೆದಂತೆ ಅದು ನೈಟ್ರೇಟ್ ಆಗಿ ಬದಲಾಗುತ್ತದೆ. ಜೊತೆಗೆ ವಾಹಕತೆಯೂ ಏರಿದ್ದರೆ ಅನುಮಾನ ಬಲವಾಗುತ್ತದೆ.

ಮೂರನೆಯ ಸುಳಿವು ಹತ್ತಿಯದು. ಬಟ್ಟೆ ಒಗೆಯುವ ಪುಡಿಗಳಲ್ಲಿ ಬಟ್ಟೆ ಬೆಳ್ಳಗೆ ಕಾಣಲೆಂದು ಹೊಳಪುಕಾರಕಗಳನ್ನು ಬೆರೆಸಿರುತ್ತಾರೆ. ಇವು ಹತ್ತಿಗೆ ಅಂಟಿಕೊಳ್ಳುತ್ತವೆ, ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಪ್ರಕೃತಿಯಲ್ಲಿ ಇರದ ವಸ್ತು ಇದು, ಆದ್ದರಿಂದ ಕಾಲುವೆಯಲ್ಲಿ ಸಿಕ್ಕಿತೆಂದರೆ ಮನೆಗಳ ಬಳಕೆ ನೀರು ಅಲ್ಲಿಗೆ ಬರುತ್ತಿದೆ ಎಂದೇ ಅರ್ಥ. ಬ್ಲೀಚ್ ಮಾಡದ, ಏನೂ ಬೆರೆಸದ ಹತ್ತಿಯ ತುಂಡನ್ನು ತಂತಿಬಲೆಯ ಚಿಕ್ಕ ಗೂಡಿನಲ್ಲಿಟ್ಟು, ಕೊಳವೆಯ ಬಾಯಲ್ಲಿ ದಾರದಿಂದ ಕಟ್ಟಿ, ಒಂದು ವಾರದಷ್ಟು ಕಾಲ ಬಿಡುತ್ತಾರೆ. ಆಮೇಲೆ ತೆಗೆದು, ಕೆಸರು ತೊಳೆದು, ಒಣಗಿಸಿ, ಕತ್ತಲ ಕೋಣೆಯಲ್ಲಿ ಅತಿನೇರಳೆ ಟಾರ್ಚ್ ಬಿಟ್ಟು ನೋಡುತ್ತಾರೆ. ಗುಟ್ಟು ಇರುವುದು ಎಚ್ಚರದಲ್ಲಿ: ಒಗೆದ ಅಂಗಿಯ ತೋಳು ತಾಗಿದರೂ, ಬಿಳಿ ಕಾಗದದ ಮೇಲೆ ಒಣಗಲು ಇಟ್ಟರೂ ಹತ್ತಿ ಹೊಳೆಯುತ್ತದೆ. ಹಾಗಾಗಿ ಕೈಗವಸು ಹಾಕಿಕೊಂಡು, ನೀರಿಗೆ ಇಳಿಸದ ಇನ್ನೊಂದು ತುಂಡನ್ನೂ ಜೊತೆಗೇ ಒಯ್ದು ತನ್ನಿ. ಅದು ಹೊಳೆದರೆ ಆವತ್ತಿನ ಇಡೀ ಪರೀಕ್ಷೆ ಬಿಟ್ಟುಬಿಡಿ.

ಒಂದು ಕೊಳವೆ ಹೊಳೆಯಿತೆಂದರೆ ಅದರ ಮೇಲ್ಭಾಗದ ಮ್ಯಾನ್‌ಹೋಲ್‌ಗಳಿಗೆ ಹೋಗಿ ಹುಡುಕುವುದು ಆಡಳಿತದವರ ಕೆಲಸ. ನೀವು ಯಾವ ಕಾರಣಕ್ಕೂ ಇಳಿಯಬೇಡಿ.

ಬ್ಯಾಕ್ಟೀರಿಯಾ ಪರೀಕ್ಷೆ ಮನೆಯಲ್ಲಿ ಸಾಧ್ಯವೇ?

ಒಂದು ಮಟ್ಟಿಗೆ. ಮಲದ ಸೋಂಕಿನ ಸೂಚಕವಾಗಿ ನೋಡುವುದು ಇ. ಕೋಲಿ ಬ್ಯಾಕ್ಟೀರಿಯಾವನ್ನು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಅದು ಒಂದೂ ಇರಬಾರದು. ಪುಡಿ ಬೆರೆಸಿ 35 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ ಕೋಲಿಫಾರ್ಮ್ (ಇ. ಕೋಲಿಯೂ ಸೇರಿದ ಬ್ಯಾಕ್ಟೀರಿಯಾ ಗುಂಪು) ಇದ್ದಲ್ಲಿ ಹಳದಿಯಾಗುವ, ಇ. ಕೋಲಿ ಇದ್ದಲ್ಲಿ ಅತಿನೇರಳೆ ಬೆಳಕಿಗೆ ನೀಲಿ ಹೊಳೆಯುವ ಪರೀಕ್ಷೆಗಳಿವೆ. ಇವಕ್ಕೆ ಒಂದೇ ಉಷ್ಣತೆ ಕಾಯ್ದಿಡುವ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್ ಬೇಕು.

ಇನ್‌ಕ್ಯುಬೇಟರ್ ಇಲ್ಲದ ಕಡೆಗೆಂದು 1982ರಲ್ಲಿ ಭಾರತದ ವಿಜ್ಞಾನಿಗಳು ಹೈಡ್ರೋಜನ್ ಸಲ್ಫೈಡ್ ಪರೀಕ್ಷೆ ರೂಪಿಸಿದರು. ಬಾಟಲಿಯೊಳಗಿನ ಕಾಗದಪಟ್ಟಿಯ ಮೇಲೆ ನೀರು ತುಂಬಿ ಬೆಚ್ಚಗಿನ ಕೋಣೆಯಲ್ಲಿ ಇಟ್ಟರೆ, ಮಲಸೋಂಕು ಇದ್ದಲ್ಲಿ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಇದು ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಸಹಜವಾಗಿ ಸಲ್ಫೈಡ್ ಇರುವ ಅಂತರ್ಜಲವೂ ಕಪ್ಪಾಗುವುದರಿಂದ, ಕಪ್ಪಾಯಿತೆಂದರೆ ಅದು ಪ್ರಯೋಗಾಲಯಕ್ಕೆ ಹೋಗಲು ಕಾರಣ, ತೀರ್ಪಲ್ಲ.

ಪರೀಕ್ಷೆ ಮುಗಿದ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಬೆಳೆದಿರುತ್ತವೆ. ಬ್ಲೀಚ್ ಹಾಕಿ ಅರ್ಧ ಗಂಟೆ ಬಿಟ್ಟು ಚೆಲ್ಲಿ. ಅಡುಗೆಮನೆಯಲ್ಲಂತೂ ಈ ಕೆಲಸ ಬೇಡವೇ ಬೇಡ.

ಹಣವಿಲ್ಲ, ಉಪಕರಣವಿಲ್ಲ. ಆಗಲೂ ಉಪಯೋಗವಿದೆಯೇ?

ಖಂಡಿತ. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಬಿಳಿ ತಟ್ಟೆಯೊಂದನ್ನು ಸಮುದ್ರಕ್ಕೆ ಇಳಿಸಿ ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ಅಳೆದರು. ಇವತ್ತಿಗೂ ಕೆರೆಗಳಲ್ಲಿ ಕಪ್ಪು ಬಿಳುಪು ಬಳಿದ 20 ಸೆಂಟಿಮೀಟರ್ ತಟ್ಟೆ, ಅಳತೆ ಗುರುತಿನ ಹಗ್ಗ, ಇಷ್ಟೇ ಸಾಧನ. ಈ ತಟ್ಟೆ ಹಿಡಿದ ಸ್ವಯಂಸೇವಕರ 'ಸೆಕ್ಕಿ ಡಿಪ್-ಇನ್' ಅಭಿಯಾನ 1994ರಿಂದ ನಡೆಯುತ್ತಿದೆ. ತಂಪು ಕನ್ನಡಕ ತೆಗೆದು ನೋಡಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ಇನ್ನು ಬರೀ ಕಣ್ಣಿನ ಕೆಲಸ. ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಕಡ್ಡಿಯಿಂದ ಕದಡಿ ನೋಡಿ. ಒಡೆದ ಗಾಜಿನ ಹಾಗೆ ಚೂರುಚೂರಾಗಿ ಹಾಗೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ್ದು, ತೊಂದರೆಯಿಲ್ಲ. ಸುಳಿದು ಮತ್ತೆ ಕೂಡಿಕೊಂಡರೆ ಪೆಟ್ರೋಲಿಯಂ ಎಣ್ಣೆ.

ಹುಳುಹುಪ್ಪಟೆ ನೋಡಿ ನೀರಿನ ಗುಣ ಹೇಳುತ್ತಾರಂತೆ, ನಿಜವೇ?

ನಿಜ. ರಾಸಾಯನಿಕ ಪರೀಕ್ಷೆ ಆ ಕ್ಷಣದ ನೀರನ್ನು ಮಾತ್ರ ಹೇಳುತ್ತದೆ. ಕಲ್ಲಿನಡಿ ತಿಂಗಳುಗಟ್ಟಲೆ ಬದುಕುವ ಹುಳುಗಳು ಅಷ್ಟೂ ದಿನಗಳ ಲೆಕ್ಕ ಇಟ್ಟಿರುತ್ತವೆ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಎಂಬ ಕೀಟಗಳ ಮರಿಗಳು ಮಾಲಿನ್ಯ ತಾಳಲಾರವು. ಸೊಳ್ಳೆಯಂಥ ಕೈರೊನೊಮಿಡ್ ಕೀಟದ ಕೆಂಪು ಬಣ್ಣದ ಮರಿಗಳು, ಟ್ಯುಬಿಫೆಕ್ಸ್ ಹುಳುಗಳು ಆಮ್ಲಜನಕ ಕಡಿಮೆಯಿರುವ ಕೆಸರಲ್ಲೂ ಬದುಕುತ್ತವೆ. ಮೊದಲಿನವು ಮಾಯವಾಗಿ ಎರಡನೆಯವು ಮಾತ್ರ ಉಳಿದಿದ್ದರೆ ರಾತ್ರಿ ಕದ್ದು ಬಿಟ್ಟ ವಿಷವೂ ಲೆಕ್ಕಕ್ಕೆ ಸಿಗುತ್ತದೆ. ದಕ್ಷಿಣ ಆಫ್ರಿಕಾದ ಮಿನಿಸಾಸ್ ವಿಧಾನ ಇಂಥ ಜೀವಿಗಳನ್ನು 13 ಗುಂಪಾಗಿ ವಿಂಗಡಿಸಿ ಶಾಲಾ ಮಕ್ಕಳೂ ಅಂಕ ಹಾಕುವಷ್ಟು ಸರಳ ಮಾಡಿದೆ. ಇದು ಹರಿವ ಹೊಳೆಗೆ ಹೇಳಿ ಮಾಡಿಸಿದ್ದು. ನಿಂತ ಕೆರೆಗೆ, ಕಾಂಕ್ರೀಟ್ ಕಾಲುವೆಗೆ ಹೊಂದುವುದಿಲ್ಲ.

ಬ್ರಿಟನ್ನಿನ ರಿವರ್‌ಫ್ಲೈ ಯೋಜನೆಯಿಂದ ಕಲಿಯಬೇಕಾದದ್ದು ಬೇರೆಯೇ ಇದೆ. ಮೀನು ಹಿಡಿಯುವ ಹವ್ಯಾಸಿಗಳು ಎಂಟು ಗುಂಪಿನ ಜೀವಿಗಳನ್ನು ಎಣಿಸಿ ಅಂಕ ಹಾಕುತ್ತಾರೆ. ಪ್ರತಿ ಜಾಗಕ್ಕೂ ಇಂತಿಷ್ಟು ಅಂಕ ಇರಬೇಕು ಎಂದು ಪರಿಸರ ಇಲಾಖೆಯ ಜೀವವಿಜ್ಞಾನಿಗಳು ಮೊದಲೇ ನಿಗದಿ ಮಾಡಿರುತ್ತಾರೆ. ಅಂಕ ಅದಕ್ಕಿಂತ ಇಳಿಯಿತೆಂದರೆ ಇನ್ನೊಮ್ಮೆ ಎಣಿಸಿ ಇಲಾಖೆಗೆ ತಿಳಿಸಬೇಕು. ಹೀಗೆ ಮಿತಿ ಮೊದಲೇ ಒಪ್ಪಿತವಾಗಿದ್ದರೆ 'ನಿಮ್ಮ ಅಂಕಿಗೆ ಏನು ಬೆಲೆ' ಎಂಬ ಜಗಳಕ್ಕೆ ಎಡೆಯೇ ಇಲ್ಲ.

ಮಾದರಿ ತೆಗೆಯುವ ಸರಿಯಾದ ಕ್ರಮ ಯಾವುದು?

ಹರಿವ ನೀರಿನಲ್ಲಿ ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ಇಲ್ಲದಿದ್ದರೆ ನಿಮ್ಮ ಕಾಲು ಎಬ್ಬಿಸಿದ ಕೆಸರೇ ಬಾಟಲಿಗೆ ಬರುತ್ತದೆ. ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ನಿಮ್ಮ ಹಿಂದಕ್ಕೆ ಚೆಲ್ಲಿ. ನಂತರ ಬಾಯಿ ಕೆಳಗೆ ಮಾಡಿ ಮೊಣಕೈ ಉದ್ದ ಆಳಕ್ಕೆ ಒಯ್ದು, ಅಲ್ಲಿ ತಿರುಗಿಸಿ ತುಂಬಿ. ಮೇಲ್ಪದರದ ನೊರೆ, ಕಸ ಬರಬಾರದು. ದಡದ ನಿಂತ ಕೊಚ್ಚೆಗಿಂತ ಹರಿಯುವ ಮಧ್ಯಭಾಗದ ನೀರು ಉತ್ತಮ. ಸೇತುವೆಯಿಂದ ಬಕೆಟ್ ಇಳಿಸಬಹುದು.

ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿ ಇದಕ್ಕೆ ಅಪವಾದ. ಅದು ಕ್ರಿಮಿರಹಿತ, ಅದನ್ನು ಗಲಬರಿಸಬಾರದು, ಮುಚ್ಚಳದ ಒಳಭಾಗ ಮುಟ್ಟಬಾರದು, ಅಲುಗಾಡಿಸಲು ಸ್ವಲ್ಪ ಖಾಲಿ ಜಾಗ ಬಿಡಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸುವುದು ಒಳ್ಳೆಯದು. ಆಮ್ಲಜನಕದ ಬಾಟಲಿಯದು ಇದಕ್ಕೆ ಪೂರ್ತಿ ತಿರುಗುಮುರುಗು: ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು.

ಎಷ್ಟು ಸಲ, ಯಾವ ಹೊತ್ತಿಗೆ?

ಅದೇ ಜಾಗ, ಅದೇ ಹೊತ್ತು, ಅದೇ ವಿಧಾನ. ಐವತ್ತು ಜಾಗಗಳನ್ನು ಒಮ್ಮೆ ಅಳೆಯುವುದಕ್ಕಿಂತ ಐದು ಜಾಗಗಳನ್ನು ವರ್ಷವಿಡೀ ಅಳೆಯುವುದು ಮೇಲು. ಸ್ವಯಂಸೇವಕರ ದತ್ತಾಂಶಕ್ಕೆ ಒಂದು ಸಹಜ ವಾಲಿಕೆ ಇದೆ: ರಜೆಯ ದಿನ, ಬೆಳಕಿರುವಾಗ, ಮಳೆಯಿಲ್ಲದಾಗ, ಸುಲಭವಾಗಿ ಇಳಿಯಬಹುದಾದ ದಡದಲ್ಲಿ ತೆಗೆದ ಮಾದರಿಗಳೇ ಹೆಚ್ಚು. ವಾರದ ದಿನಗಳಲ್ಲಿ ಮಾತ್ರ ನಡೆಯುವ ಕಾರ್ಖಾನೆಯ ನೀರು ಭಾನುವಾರದ ತಂಡಕ್ಕೆ ಎಂದೂ ಕಾಣದು.

ನಮ್ಮಂಥವರ ಅಂಕಿಗಳನ್ನು ನಂಬಬಹುದೇ?

ನಂಬಿಕೆ ಹುಟ್ಟುವುದು ಪದವಿಯಿಂದಲ್ಲ, ತಪ್ಪು ಹಿಡಿಯುವ ವ್ಯವಸ್ಥೆಯಿಂದ. ಪಿಎಚ್ ಪೆನ್ನನ್ನು ಬಳಸುವ ದಿನ ಬೆಳಿಗ್ಗೆ ಪಿಎಚ್ 4, 7, 10 ಎಂದು ಮೊದಲೇ ಗೊತ್ತಿರುವ ಬಫರ್ ದ್ರಾವಣಗಳಲ್ಲಿ ಸರಿಹೊಂದಿಸಿ, ಆ ಅಂಕಿಗಳನ್ನೂ ಬರೆದಿಡಿ. ಹತ್ತರಲ್ಲಿ ಒಂದು ಮಾದರಿಯನ್ನು ಎರಡು ಸಲ ತೆಗೆಯಿರಿ. ಎರಡರ ಅಂತರವೇ ನಿಮ್ಮ ಅಳತೆಯ ನಡುಕ. ಶುದ್ಧ ನೀರಿನ ಬಾಟಲಿಯೊಂದನ್ನು ಜೊತೆಗೇ ಒಯ್ದು, ಅದನ್ನೂ ಮಾದರಿಯೆಂಬಂತೆ ಪರೀಕ್ಷಿಸಿ. ಆಗಾಗ ಒಂದೇ ನೀರನ್ನು ಎರಡು ಭಾಗ ಮಾಡಿ ಒಂದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ. ರಾಸಾಯನಿಕಗಳ ಅವಧಿ ಮುಗಿದಿದೆಯೇ ನೋಡಿ.

ಬಣ್ಣ ಹೋಲಿಸುವ ಪಟ್ಟಿಗಳಲ್ಲಿ ಬೆಳಕು, ಸಮಯ ಎರಡೂ ಮೋಸ ಮಾಡುತ್ತವೆ. ನೆರಳಿನಲ್ಲಿ, ಬಿಳಿ ಹಿನ್ನೆಲೆಯಲ್ಲಿ, ಕಿಟ್ ಹೇಳಿದ ಸೆಕೆಂಡಿಗೇ ಓದಿ. ಇಬ್ಬರು ಒಬ್ಬರಿಗೊಬ್ಬರು ಹೇಳದೆ ಓದಿ ಬರೆದರೆ ಇನ್ನೂ ಒಳ್ಳೆಯದು.

ಈ ನಿಯಮಗಳನ್ನು ಒಂದು ಕಡೆ ಬರೆದಿಟ್ಟರೆ ಅದೇ ಗುಣಮಟ್ಟ ಖಾತ್ರಿ ಯೋಜನೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸ್ವಯಂಸೇವಕರಿಗೆಂದೇ ಇದರ ಮಾರ್ಗದರ್ಶಿಯನ್ನು 1996ರಲ್ಲೇ ಹೊರತಂದಿತ್ತು.

ನಮ್ಮ ನೈಟ್ರೇಟ್ ಅಂಕಿಗೂ ಪ್ರಯೋಗಾಲಯದ ಅಂಕಿಗೂ ನಾಲ್ಕು ಪಟ್ಟು ವ್ಯತ್ಯಾಸ ಬಂದಿದೆ. ಏಕೆ?

ಇಬ್ಬರೂ ಸರಿಯಿರಬಹುದು. ಕೆಲವು ಕಿಟ್‌ಗಳು ಇಡೀ ನೈಟ್ರೇಟ್ ಅಯಾನಿನ ತೂಕ ತೋರಿಸುತ್ತವೆ, ಕೆಲವು ಅದರೊಳಗಿನ ಸಾರಜನಕದ ತೂಕವನ್ನು ಮಾತ್ರ. ಎರಡರ ಅನುಪಾತ ಸುಮಾರು 4.4. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳುವ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಎಂಬುದೇ ಸಾರಜನಕದ ಲೆಕ್ಕದಲ್ಲಿ ಸುಮಾರು 11. ಹಾಳೆಯ ಮೇಲ್ಭಾಗದಲ್ಲಿ ಯಾವ ಲೆಕ್ಕ ಎಂದು ಬರೆಯದಿದ್ದರೆ ಆ ಕಾಲಂ ಯಾರ ಉಪಯೋಗಕ್ಕೂ ಬಾರದು.

ಅಂಕಿಯ ಜೊತೆ ಇನ್ನೇನು ಬರೆಯಬೇಕು?

ದಿನ, ಗಂಟೆ, ಜಿಪಿಎಸ್ ಸ್ಥಾನ, ಹಿಂದಿನ ಎರಡು ದಿನ ಮಳೆ ಬಂದಿತ್ತೇ, ನೀರಿನ ಬಣ್ಣ ಮತ್ತು ವಾಸನೆ, ಉಪಕರಣದ ಹೆಸರು, ಅಳೆದವರ ಗುರುತು, ಒಂದು ಫೋಟೋ. ಅಳೆದು ಏನೂ ಸಿಗದ ದಿನವನ್ನೂ ಬರೆಯಿರಿ. 'ಇಲ್ಲ' ಎಂಬ ಫಲಿತಾಂಶ ಬಿಟ್ಟುಹೋದ ಪಟ್ಟಿಯಲ್ಲಿ ಎಲ್ಲ ದಿನವೂ ಮಾಲಿನ್ಯವೇ ಕಾಣುತ್ತದೆ.

ನಲ್ಲಿ ನೀರನ್ನು ಅಳೆಯುವುದಾದರೆ?

ಪೂರೈಕೆಯ ನೀರಿನಲ್ಲಿ ಮೊದಲು ನೋಡಬೇಕಾದದ್ದು ಉಳಿಕೆ ಕ್ಲೋರಿನ್, ಅಂದರೆ ಕ್ರಿಮಿ ಕೊಲ್ಲಲು ಬೆರೆಸಿದ ಕ್ಲೋರಿನ್‌ನಲ್ಲಿ ಇನ್ನೂ ಉಳಿದಿರುವುದು. ಮನೆ ಮುಟ್ಟುವ ಹೊತ್ತಿಗೂ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಒಂದು ಬೀದಿಯ ಕೊನೆಯ ಮನೆಗಳಲ್ಲಿ ಮಾತ್ರ ಅದು ಸೊನ್ನೆಯಾದರೆ, ಎಲ್ಲೋ ಕೊಳವೆ ಒಡೆದು ಹೊರಗಿನ ನೀರು ಸೇರುತ್ತಿರಬಹುದು. ಸೀಸದ ಪರೀಕ್ಷೆಗಾದರೆ ನಲ್ಲಿಯನ್ನು ಆರು ಗಂಟೆಯಾದರೂ ತಿರುಗಿಸದೆ ಬಿಟ್ಟು, ಬೆಳಗಿನ ಮೊದಲ ನೀರನ್ನೇ ಹಿಡಿಯಬೇಕು. ಮೊದಲು ನೀರು ಹರಿಯಬಿಟ್ಟು ಆಮೇಲೆ ಹಿಡಿದರೆ ಸೀಸ ಕೈತಪ್ಪುತ್ತದೆ.

ನಮ್ಮ ದತ್ತಾಂಶವನ್ನು ಆಡಳಿತ ಒಪ್ಪುತ್ತಿಲ್ಲ. ಏನು ಮಾಡಬೇಕು?

ಮೊದಲು ಕೇಳುವುದನ್ನು ಬದಲಿಸಿ. 'ನಮ್ಮ ಅಂಕಿ ಒಪ್ಪಿಕೊಳ್ಳಿ' ಎನ್ನುವುದಕ್ಕಿಂತ 'ಇಂಥ ಜಾಗದಲ್ಲಿ, ನಸುಕಿನ ಹೊತ್ತು, ನೀವೇ ಒಮ್ಮೆ ಅಳೆಯಿರಿ' ಎಂದು ಕೇಳುವುದು ಸುಲಭವಾಗಿ ಫಲಿಸುತ್ತದೆ. ದಂಡ ಹಾಕಲು, ಮೊಕದ್ದಮೆ ಹೂಡಲು ಕಾನೂನಿಗೆ ಅದರದೇ ವಿಧಾನದ ಮಾದರಿ ಬೇಕಾಗುತ್ತದೆ. ನಿಮ್ಮದು ಅಲ್ಲಿಗೆ ದಾರಿ ತೋರಿಸುವ ಪುರಾವೆ. ಹಾಗೆಂದು ಜನರ ಅಂಕಿ ಎಂದೂ ಅಧಿಕೃತ ಲೆಕ್ಕಕ್ಕೆ ಬರದು ಎಂದಲ್ಲ. ಸಿಯೆರಾ ಲಿಯೋನ್ ದೇಶ 6.3.2ನೇ ಸೂಚ್ಯಂಕದ ವರದಿಗೆ ನಾಗರಿಕರು ಅಳೆದ ದತ್ತಾಂಶವನ್ನು ಬಳಸಿಕೊಂಡಿದೆ.

ನಾವು ಆಡಳಿತದ ಕಡೆಯವರು. ನಮಗೇನು ಹೇಳುತ್ತೀರಿ?

ಮೂರು ಮಾತು. ಯೋಜನೆ ಹಾಕುವಾಗಲೇ ಜನರನ್ನು ಕೂರಿಸಿಕೊಳ್ಳಿ, ಅಂಕಿ ಬಂದ ಮೇಲೆ ಅಲ್ಲ. ದೂರು ಬಂದರೆ ಎಷ್ಟು ದಿನದಲ್ಲಿ ಉತ್ತರ ಕೊಡುತ್ತೀರಿ ಎಂದು ಬರೆದುಕೊಡಿ, ಉತ್ತರ 'ಏನೂ ಸಿಗಲಿಲ್ಲ' ಎಂದಾದರೂ ಸರಿ. ಸ್ವಯಂಸೇವಕರನ್ನು ಸಂಬಳವಿಲ್ಲದ ಸಿಬ್ಬಂದಿ ಎಂದು ಎಣಿಸಿ ಪ್ರಯೋಗಾಲಯದ ಅನುದಾನ ಕಡಿತ ಮಾಡಬೇಡಿ. ಈ ಕೊನೆಯದೇ ಎಲ್ಲಕ್ಕಿಂತ ದೊಡ್ಡ ಅಪಾಯ: ತಾಳೆ ನೋಡಲು ಪ್ರಯೋಗಾಲಯದ ಅಂಕಿಯೇ ಇಲ್ಲದಾದರೆ ಜನರ ಅಂಕಿಗೂ ನೆಲೆ ತಪ್ಪುತ್ತದೆ.

ಫಲಿತಾಂಶವನ್ನು ಎಲ್ಲರಿಗೂ ತಿಳಿಸಬಹುದೇ?

ತಿಳಿಸಬೇಕು, ಪದಗಳ ಮೇಲೆ ಹಿಡಿತವಿಟ್ಟುಕೊಂಡು. 'ಕುಡಿಯಲು ಯೋಗ್ಯ' ಎಂದು ಎಂದೂ ಬರೆಯಬೇಡಿ. ನೀವು ನೋಡಿದ್ದು ಐದಾರು ಅಂಶ ಮಾತ್ರ. ಇಂಥ ಕಾರ್ಖಾನೆಯೇ ಕಾರಣ ಎಂದು ಒಂದು ಅಳತೆಯ ಮೇಲೆ ಹೆಸರು ಹೇಳಬೇಡಿ. ಅಂತರ್ಜಲ ಅಥವಾ ನಲ್ಲಿ ನೀರಿನ ಪಟ್ಟಿಯಲ್ಲಿ ಮನೆ ಸಂಖ್ಯೆ ಹಾಕುವ ಮುನ್ನ ಮನೆಯವರ ಒಪ್ಪಿಗೆ ಪಡೆಯಿರಿ, ಮೊದಲ ಪ್ರತಿ ಅವರಿಗೇ ಕೊಡಿ.

ಮಕ್ಕಳನ್ನು ಕರೆದೊಯ್ಯಬಹುದೇ? ಅಪಾಯವಿಲ್ಲವೇ?

ಕರೆದೊಯ್ಯಬಹುದು, ಕೊಳಚೆಯ ಅನುಮಾನವಿರುವ ಜಾಗಕ್ಕೆ ಬೇಡ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ, ಚಿಕ್ಕ ಗಾಯವೂ ದಾರಿಯಾಗುತ್ತದೆ. ಗಂಬೂಟು, ಕೈಗವಸು ಬೇಕು, ಒಬ್ಬರೇ ಹೋಗಬಾರದು, ಮಳೆ ಸುರಿಯುವಾಗ ಕಾಲುವೆಗೆ ಇಳಿಯಲೇಬಾರದು. ಕಿಟ್‌ನ ಬಳಸಿದ ದ್ರಾವಣವನ್ನು ಕೆರೆಗೇ ಚೆಲ್ಲುವವರಿದ್ದಾರೆ. ಕೆಲವು ನೈಟ್ರೇಟ್ ಕಿಟ್‌ಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಬೇರೆ ಬಾಟಲಿಯಲ್ಲಿ ಕೂಡಿಟ್ಟು ಪ್ರಯೋಗಾಲಯಕ್ಕೆ ಒಪ್ಪಿಸಿ.

ಆರು ತಿಂಗಳಿಗೆ ಎಲ್ಲರೂ ಬಿಟ್ಟುಹೋಗುತ್ತಾರೆ. ಉಳಿಸಿಕೊಳ್ಳುವುದು ಹೇಗೆ?

ಅಳೆದವರಿಗೆ ತಮ್ಮ ಅಂಕಿ ಏನಾಯಿತು ಎಂದು ತಿಳಿಸಿ. ಪ್ರಮಾಣಪತ್ರ, ಟೀ ಶರ್ಟಿಗಿಂತ 'ನೀವು ತೋರಿಸಿದ ಕೊಳವೆ ಮುಚ್ಚಿದರು' ಎಂಬ ಒಂದು ಸಂದೇಶ ಹೆಚ್ಚು ದಿನ ಜನರನ್ನು ಹಿಡಿದಿಡುತ್ತದೆ. ಪ್ರತಿ ಜಾಗಕ್ಕೂ ಇಬ್ಬರನ್ನು ನೇಮಿಸಿ.

ಕೆರೆಯಲ್ಲಿ ಮೀನು ಸತ್ತು ತೇಲುತ್ತಿವೆ. ಈ ಕ್ಷಣ ಏನು ಮಾಡಲಿ?

ಮೊದಲು ಗಡಿಯಾರ ನೋಡಿ ಗಂಟೆ ಬರೆದುಕೊಳ್ಳಿ, ಇಲಾಖೆಗೆ ಫೋನು ಮಾಡಿ. ಅವರು ಬರುವಷ್ಟರಲ್ಲಿ ವಿಷ ಕೊಚ್ಚಿಹೋಗಿರುತ್ತದೆ, ಆದ್ದರಿಂದ ಕೂಡಲೇ ಎರಡು ಬಾಟಲಿ ನೀರು ತುಂಬಿ ಮಂಜುಗಡ್ಡೆಯಲ್ಲಿಡಿ. ಮೀಟರ್ ಇದ್ದರೆ ಉಷ್ಣತೆ, ಆಮ್ಲಜನಕ ಅಳೆಯಿರಿ. ದೊಡ್ಡ ಮೀನು ಸತ್ತು ಚಿಕ್ಕವು ಬದುಕಿದ್ದರೆ, ಅದೂ ನಸುಕಿನಲ್ಲಿ ಆಗಿದ್ದರೆ, ಆಮ್ಲಜನಕದ ಕೊರತೆಯಿರಬಹುದು. ಗಾತ್ರ, ಜಾತಿ ನೋಡದೆ ಎಲ್ಲವೂ ಏಕಕಾಲಕ್ಕೆ ಸತ್ತಿದ್ದರೆ ವಿಷದ ಅನುಮಾನ. ಮೀನನ್ನು ಬರಿಗೈಯಲ್ಲಿ ಮುಟ್ಟಬೇಡಿ, ಯಾರೂ ಒಯ್ದು ತಿನ್ನದಂತೆ ತಡೆಯಿರಿ, ಫೋಟೋ ತೆಗೆಯಿರಿ. ಆಮೇಲೆ ನೀರು ಬರುವ ಕಡೆಗೆ ದಡದ ಮೇಲೇ ನಡೆಯಿರಿ. ಜೀವಂತ ಮೀನು ಮತ್ತೆ ಕಾಣಿಸಿಕೊಳ್ಳುವ ಜಾಗಕ್ಕೂ ಸತ್ತ ಮೊದಲ ಮೀನಿಗೂ ನಡುವೆ ಯಾವ ಯಾವ ಕೊಳವೆಗಳ ಬಾಯಿ ಇವೆ ಎಂದು ಗುರುತು ಹಾಕಿ, ಇಲಾಖೆಯವರು ಬಂದಾಗ ಆ ಪಟ್ಟಿಯನ್ನೂ ಒಂದು ಬಾಟಲಿಯನ್ನೂ ಕೊಡಿ. ಇನ್ನೊಂದು ಬಾಟಲಿ ನಿಮ್ಮಲ್ಲೇ ಇರಲಿ.